ಹೊಟ್ಟೆಯಡಿಯ ಪೈಪಿನ ಕಸುಬು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 – ಮೂರಕ್ಕೂ ಪೆಟ್ರೋಲ್ ಟ್ಯಾಂಕು ಹಿಂದೆ, ಎಂಜಿನ್ ಮುಂದೆ. ನಡುವೆ ಕಿರುಬೆರಳಿಗಿಂತ ಸಪೂರವಾದ ಲೋಹದ ಪೈಪೊಂದು ಕಾರಿನ ಹೊಟ್ಟೆಯಡಿ ಹಾದುಹೋಗುತ್ತದೆ. ಬಣ್ಣ, ಸೀಟು, ಬಂಪರಿಗೆ ಲಕ್ಷಗಟ್ಟಲೆ ಸುರಿಯುವ ಹಳೆ ಕಾರಿನ ಮೋಹಿಗಳು ಇದನ್ನು ಬಗ್ಗಿ ನೋಡುವುದೇ ಅಪರೂಪ. ಮಳೆಗಾಲದ ಕೆಸರು ಕ್ಲಿಪ್ಪಿನ ಸಂದಿಯಲ್ಲಿ ಕೂತು ಒಣಗದೆ ಉಳಿಯುತ್ತದೆ. ತುಕ್ಕು ಹಿಡಿಯುವುದು ಹೆಚ್ಚಾಗಿ ಅಲ್ಲಿಂದಲೇ. ಉಡುಪಿ, ಕಾರವಾರದ ಉಪ್ಪುಗಾಳಿಗೆ ಇನ್ನೂ ಬೇಗ.

ಈಗ ಪೆಟ್ರೋಲೂ ಬದಲಾಗಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಪೈಪಿನ ತುದಿಗಳಲ್ಲಿರುವ ಹಳೆಯ ಕಾಲದ ರಬ್ಬರ್ ಹೋಸನ್ನು ಉಬ್ಬಿಸಿ ಬಿರಿಯುವಂತೆ ಮಾಡುತ್ತದೆ.

ಪೈಪು ಬದಲಿಸುವ ಕೆಲಸ ಬ್ಯಾಟರಿಯ ನೆಗೆಟಿವ್ ತಂತಿ ಕಳಚುವುದರಿಂದ ಶುರು. ಟ್ಯಾಂಕು ಬರಿದು ಮಾಡಿದರೆ ಭಯವಿಲ್ಲ ಎಂದುಕೊಳ್ಳಬಾರದು, ಹೊತ್ತಿಕೊಳ್ಳುವುದು ಒಳಗೆ ಉಳಿದ ಆವಿ. ಅದು ಗಾಳಿಗಿಂತ ಭಾರ. ಗ್ಯಾರೇಜಿನ ಪಿಟ್‌ನಲ್ಲಿ ಇಳಿದು ನಿಲ್ಲುತ್ತದೆ. ಹಾಗಾಗಿ ಪಿಟ್‌ಗಿಂತ ಬಯಲು ವಾಸಿ. ಕಾರನ್ನು ಬರೀ ಜಾಕಿಯ ಮೇಲೆ ಬಿಟ್ಟು ಅಡಿಗೆ ನುಸುಳುವುದಂತೂ ಕೂಡದು, ಸ್ಟ್ಯಾಂಡ್ ಕೊಡಲೇಬೇಕು.

ಕಸುಬಿನ ಜಾಣ್ಮೆ ಕಾಣುವುದು ಆಮೇಲೆ. ಪಳಗಿದ ಮೆಕ್ಯಾನಿಕ್ ಹಳೆಯ ಪೈಪನ್ನು ತುಂಡರಿಸದೆ ಇಡಿಯಾಗಿ ಬಿಚ್ಚಿ ನೆಲದ ಮೇಲಿಡುತ್ತಾನೆ. ಹೊಸದಕ್ಕೆ ಅದೇ ಅಚ್ಚು. ಬರಿಗೈಯಲ್ಲಿ ಬಗ್ಗಿಸಿದರೆ ಉಕ್ಕಿನ ಪೈಪು ಚಪ್ಪಟೆಯಾಗುತ್ತದೆ, ಬೆಂಡರ್ ಬೇಕು. ಬರೀ ತಾಮ್ರ ಸುಲಭವಾಗಿ ಬಾಗಿದರೂ ಎಂಜಿನ್ನಿನ ನಡುಕಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ನಿಕಲ್ ಬೆರೆತ ತಾಮ್ರದ ಪೈಪು ಎರಡಕ್ಕಿಂತ ಮೇಲು: ಬಾಗುತ್ತದೆ, ತುಕ್ಕೂ ಹಿಡಿಯದು. ಹ್ಯಾಕ್ಸಾದಿಂದ ಕೊಯ್ದರೆ ಲೋಹದ ಪುಡಿ ಕಾರ್ಬುರೇಟರಿನ ದಾರಿ ಹಿಡಿಯುತ್ತದೆ, ಅದಕ್ಕೇ ಟ್ಯೂಬ್ ಕಟರ್. ತುದಿಯ ಅಂಚು ಉಜ್ಜಿ, ಕಂಪ್ರೆಸರ್ ಗಾಳಿ ಊದಿ, ರಬ್ಬರ್ ಜಾರದಂತೆ ತುದಿಗೆ ಸಣ್ಣ ಉಬ್ಬು ಕೊಡಬೇಕು.

ಪೈಪು ಹೋಗುವ ಹಾದಿ ಸೈಲೆನ್ಸರ್‌ನಿಂದ ದೂರವಿರಲಿ. ಬಿಸಿಗೆ ಪೆಟ್ರೋಲ್ ಆವಿಯಾದರೆ ಪಂಪು ಎಳೆಯಲಾರದೆ ಗಾಡಿ ನಿಂತುಬಿಡುತ್ತದೆ. ಘಟ್ಟ ಹತ್ತುವಾಗ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕೇ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸ ಪೈಪು, ಕ್ಲಿಪ್ಪು ಕೇಳಿ ನೋಡಬಹುದು. ಶಿವಾಜಿನಗರದ ಗುಜರಿಯಲ್ಲಿ ಕಾರ್ಬುರೇಟರ್ ಹುಡುಕಿ, ತಪ್ಪಿಲ್ಲ. ಪೈಪು ಬೇಡ, ಅದಕ್ಕೂ ನಿಮ್ಮ ಕಾರಿನಷ್ಟೇ ವಯಸ್ಸು.

ರಬ್ಬರ್ ಹೋಸ್ ಇರಬೇಕಾದದ್ದು ಟ್ಯಾಂಕಿನ ಬಳಿ, ಎಂಜಿನ್ನಿನ ಬಳಿ ಗೇಣುದ್ದ ಮಾತ್ರ. ಅದರ ಮೇಲೆ ‘ಎಸ್‌ಎಇ ಜೆ30 ಆರ್9’ ಎಂಬ ಅಚ್ಚು ಇದ್ದರೆ ಎಥನಾಲ್ ತಾಳಿಕೊಳ್ಳುತ್ತದೆ. ಕಾರ್ಬುರೇಟರ್ ಕಾರಿನಲ್ಲಿ ಒತ್ತಡ ಹೆಚ್ಚೆಂದರೆ ನಾಲ್ಕೈದು ಪಿಎಸ್‌ಐ. ಇಂಜೆಕ್ಷನ್ ಕಾರಿನಲ್ಲಿ ಸುಮಾರು 40. ಅಲ್ಲಿ ಮಾಮೂಲಿ ಹೋಸ್, ಕ್ಲಿಪ್ಪು ನಡೆಯುವುದಿಲ್ಲ. ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಪ್ರತಿ ಜೋಡಣೆಯನ್ನೂ ಟಾರ್ಚ್ ಹಿಡಿದು ನೋಡಿ. ಪೆಟ್ರೋಲ್ ವಾಸನೆ ಬಂದರೆ ಗಾಡಿ ತೆಗೆಯಬೇಡಿ. ‘ಹಿಂದಿನಿಂದ ಮುಂದಿನವರೆಗೂ ರಬ್ಬರನ್ನೇ ಎಳೆದುಬಿಡೋಣ ಸಾರ್, ಖರ್ಚು ಕಡಿಮೆ’ ಎನ್ನುವ ಗ್ಯಾರೇಜು ಸಿಕ್ಕರೆ, ಬೇರೆ ಗ್ಯಾರೇಜು ಹುಡುಕಿ.