ಮುಳ್ಳಿನ ಭಾರ

ಗ್ರಾಮಫೋನ್ ತಟ್ಟೆಯ ಮೇಲೆ ನೂರಾರು ಉಂಗುರಗಳಿರುವಂತೆ ಕಣ್ಣಿಗೆ ತೋರುತ್ತದೆ. ಆದರೆ ಅಲ್ಲಿರುವುದು ಅಂಚಿನಿಂದ ನಡುವಿನತ್ತ ಸುತ್ತಿಕೊಂಡು ಸಾಗುವ ಒಂದೇ ಗೀರು. ಅದರ ಎರಡು ಗೋಡೆಗಳಲ್ಲಿ ನಾದವು ಅಂಕುಡೊಂಕಾಗಿ ಅಡಗಿದೆ. ವಜ್ರದ ಮೊನೆಯ ಮುಳ್ಳನ್ನು ಹೊತ್ತು ಆ ಗೀರಿನಲ್ಲಿ ನಡೆಸುವುದು ತೋಳಿನ ಕೆಲಸ.

1948ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ, ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆಯ ಗೀರು ಹಳೆಯ ಅರಗಿನ ತಟ್ಟೆಯದಕ್ಕಿಂತ ಬಹಳ ಕಿರಿದು. ಉಕ್ಕಿನ ಮುಳ್ಳಿನ ಭಾರವನ್ನು ಅದು ತಾಳಲಾರದು. ಆದುದರಿಂದ ತೋಳಿನ ಹಿಂತುದಿಯಲ್ಲಿ ತೂಕದ ಗುಂಡೊಂದನ್ನು ಇಟ್ಟಿರುತ್ತಾರೆ. ಅದನ್ನು ತಿರುಗಿಸುತ್ತ, ತೋಳು ತಕ್ಕಡಿಯ ದಂಡದಂತೆ ಮಟ್ಟಸವಾಗಿ ತೇಲುವಂತೆ ಮಾಡಿ, ಭಾರಸೂಚಿಯನ್ನು ಸೊನ್ನೆಗೆ ತರಬೇಕು. ಅನಂತರ ಗುಂಡನ್ನು ಮುಂದಕ್ಕೆ ತಂದಷ್ಟೂ ಮುಳ್ಳಿಗೆ ಭಾರ ಬೀಳುತ್ತದೆ. ಬಹುತೇಕ ಮುಳ್ಳುಗಳಿಗೆ ಒಂದೂವರೆಯಿಂದ ಎರಡು ಗ್ರಾಂ ಸಾಕು.

ಭಾರ ಕಡಮೆಯಾದಷ್ಟೂ ತಟ್ಟೆ ಹೆಚ್ಚು ಕಾಲ ಬಾಳುವುದೆಂದು ನಂಬುವವರುಂಟು. ಇದು ತಪ್ಪು ತಿಳಿವಳಿಕೆ. ತೀರ ಹಗುರವಾದ ಮುಳ್ಳು ಗೀರಿನ ತಿರುವುಗಳಲ್ಲಿ ನೆಲೆ ತಪ್ಪಿ ಗೋಡೆಗೆ ಬಡಿಯುತ್ತದೆ. ಸ್ವರ ಒಡೆಯುತ್ತದೆ, ಗೋಡೆಗಾದ ಗಾಯ ಮತ್ತೆ ಮಾಯುವುದಿಲ್ಲ. ತಯಾರಕರು ಹೇಳಿದ ಮಿತಿಯೊಳಗೆ ತುಸು ಹೆಚ್ಚು ಭಾರವೇ ಲೇಸು.

ಇನ್ನು ಮುಳ್ಳಿನ ದಿಕ್ಕು. ಮೂಲ ತಟ್ಟೆಯನ್ನು ಕೊರೆದ ಮೊನೆ ಅಂಚಿನಿಂದ ನಡುವಿಗೆ ನೇರವಾಗಿ ಸಾಗಿತ್ತು. ತೋಳಾದರೋ ಬಾಗಿಲಿನಂತೆ ಒಂದೇ ಕೀಲಿನ ಮೇಲೆ ತಿರುಗುತ್ತದೆ. ಆದಕಾರಣ ಮುಳ್ಳು ಗೀರಿಗೆ ಸರಿನೇರವಾಗಿ ನಿಲ್ಲುವುದು ಹೆಚ್ಚೆಂದರೆ ಎರಡು ಕಡೆ ಮಾತ್ರ. ಆ ಎರಡು ಬಿಂದುಗಳನ್ನು ಗುರುತಿಸಿದ ಕಾಗದವನ್ನು ತಟ್ಟೆಯ ಸ್ಥಾನದಲ್ಲಿರಿಸಿ, ಮುಳ್ಳಿರುವ ಪುಟ್ಟ ಪೆಟ್ಟಿಗೆಯನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿ, ತಿರುಪುಗಳನ್ನು ಬಿಗಿಯಬೇಕು. ಪೆಟ್ಟಿಗೆ ಕೂದಲೆಳೆಯಷ್ಟು ಸರಿದರೂ ಭಾರ ವ್ಯತ್ಯಾಸವಾಗುವುದರಿಂದ ಅದನ್ನು ಮತ್ತೊಮ್ಮೆ ಸೊನ್ನೆಯಿಂದಲೇ ಅಳೆಯಬೇಕಾಗುತ್ತದೆ.