‘ತಡ’ ಅಂತ ಬರೆದವರು ಯಾರು? ಡೇಟಾ ವೇರ್‌ಹೌಸ್ ಒಳಗೊಂದು ಸುತ್ತು

ಮಳೆ ಸುರಿಯುವ ಸಂಜೆ ಅಂದುಕೊಳ್ಳಿ. ಡೆಲಿವರಿ ಹುಡುಗನೊಬ್ಬ ಹೋಟೆಲ್ ಮುಂದೆ ಇಪ್ಪತ್ತು ನಿಮಿಷದಿಂದ ಪಾರ್ಸೆಲ್‌ಗಾಗಿ ಕಾಯುತ್ತಾ ನಿಂತಿದ್ದಾನೆ. ಅದು ಕೈಗೆ ಬಂದ ಮೇಲೆ ಟ್ರಾಫಿಕ್. ಗ್ರಾಹಕರ ಮನೆ ಬೆಲ್ ಒತ್ತುವ ಹೊತ್ತಿಗೆ ಆ್ಯಪ್ ಕೊಟ್ಟ ಸಮಯ ಮೀರಿಹೋಗಿದೆ. ಅವತ್ತು ರಾತ್ರಿ ಅವನು ಮಲಗಿರುವಾಗ, ಎಲ್ಲೋ ಒಂದು ಸರ್ವರ್‌ನಲ್ಲಿ ಅವನ ಐಡಿ ಮುಂದೆ ಒಂದು ಗುರುತು ಬೀಳುತ್ತೆ: ತಡ. ಹೋಟೆಲಿನವರು ಕಾಯಿಸಿದ್ದು, ಮಳೆ ಬಂದಿದ್ದು ಆ ಗುರುತಿನಲ್ಲಿ ಸೇರಿರಬಹುದು, ಸೇರದೇ ಇರಬಹುದು. ಅದನ್ನು ತೀರ್ಮಾನ ಮಾಡಿದ್ದು ಯಾರು?

‘ಎಲ್ಲಾ ಅಲ್ಗಾರಿದಮ್ ಮಹಿಮೆ’ ಅಂತ ಬೈದು ಸುಮ್ಮನಾಗುವುದು ಸುಲಭ. ಆದರೆ ಅಲ್ಗಾರಿದಮ್ ಲೆಕ್ಕ ಹಾಕುವ ಮಾಹಿತಿ ಎಲ್ಲೋ ಒಂದು ಕಡೆ ಕೂತಿರುತ್ತೆ, ಯಾರೋ ಅದನ್ನು ಹಸನು ಮಾಡಿಟ್ಟಿರುತ್ತಾರೆ. ಆ ಜಾಗದ ಹೆಸರು ಡೇಟಾ ವೇರ್‌ಹೌಸ್. ಪತ್ರಿಕೋದ್ಯಮಕ್ಕೆ ಬರುವ ಮೊದಲು ಕೆಲವು ವರ್ಷ ನಾನು ಇಂಥ ವೇರ್‌ಹೌಸ್‌ಗಳಿಗೆ ರಾತ್ರಿ ಪಾಳಿಯಲ್ಲಿ ಡೇಟಾ ತುಂಬಿಸುವ ಕೆಲಸ ಮಾಡಿದ್ದೇನೆ. ಆ ಅನುಭವದ ಬಲದಿಂದಲೇ ಇದು ಹೇಗೆ ಕೆಲಸ ಮಾಡುತ್ತೆ, ಕಂಪನಿಗಳಿಗೆ ಇದರಿಂದ ಏನು ಲಾಭ, ಏನು ಪೆಟ್ಟು ಅಂತ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಕಿರ್ದಿ ಬೇರೆ, ಖತಾವಣಿ ಬೇರೆ

ಹಳೇ ಕಾಲದ ವರ್ತಕರ ಹತ್ತಿರ ಎರಡು ಪುಸ್ತಕ ಇರುತ್ತಿದ್ದವು. ಒಂದು ಕಿರ್ದಿ: ದಿನದ ವ್ಯವಹಾರ ನಡೆದ ಕ್ರಮದಲ್ಲೇ ಬರೆದಿಡುವುದು. ಇನ್ನೊಂದು ಖತಾವಣಿ: ಅದೇ ವ್ಯವಹಾರಗಳನ್ನು ಆಮೇಲೆ ಒಬ್ಬೊಬ್ಬರ ಖಾತೆಗೆ ವಿಂಗಡಿಸಿ ಬರೆಯುವುದು. ಅಂಗಡಿ ಮುಂದೆ ಜನ ನಿಂತಿರುವಾಗ ಖತಾವಣಿ ಬಿಚ್ಚಿ ಕೂರುವವರು ಯಾರೂ ಇಲ್ಲ. ಆದರೆ ‘ಈ ವರ್ಷ ಯಾರ ಬಾಕಿ ಎಷ್ಟು’ ಅಂತ ತಿಳಿಯಲು ಕಿರ್ದಿಯೊಂದನ್ನೇ ಹಿಡಿದರೆ ಇಡೀ ವರ್ಷದ ಪುಟ ತಿರುವಬೇಕು.

ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆಯೂ ಹೀಗೇ. ನೀವು ಆ್ಯಪ್‌ನಲ್ಲಿ ಆರ್ಡರ್ ಒತ್ತಿದಾಗ ಅದು ದಾಖಲಾಗುವ ಡೇಟಾಬೇಸ್ ಕಿರ್ದಿಯ ಥರ. ಏಕಕಾಲಕ್ಕೆ ಸಾವಿರಾರು ಜನ ಅದರಲ್ಲಿ ಬರೆಯುತ್ತಿರುತ್ತಾರೆ, ಪ್ರತಿ ಬರಹವೂ ಚಿಕ್ಕದು, ಕ್ಷಣದಲ್ಲಿ ಮುಗಿಯಬೇಕು. ಅದೇ ಡೇಟಾಬೇಸ್‌ಗೆ ಮ್ಯಾನೇಜರ್ ಒಬ್ಬರು ‘ಕಳೆದ ಮೂರು ವರ್ಷದ ಮಳೆಗಾಲದ ಶನಿವಾರಗಳಲ್ಲಿ ಯಾವ ಬಡಾವಣೆಯಿಂದ ಹೆಚ್ಚು ಆರ್ಡರ್ ಬಂದಿದೆ’ ಅಂತ ಕೇಳಿದರೆ, ಅದು ಕೋಟಿಗಟ್ಟಲೆ ಸಾಲು ತಡಕಾಡಬೇಕು. ಅಷ್ಟು ಹೊತ್ತು ನಿಮ್ಮ ಆರ್ಡರ್ ಪರದೆ ಸುತ್ತುತ್ತಾ ನಿಲ್ಲುತ್ತೆ.

ಅದಕ್ಕೇ ಪ್ರತ್ಯೇಕ ಖತಾವಣಿ ಬೇಕಾಯಿತು. ಸಾಲದ್ದಕ್ಕೆ ಕಂಪನಿಯಲ್ಲಿ ಇರುವುದು ಒಂದೇ ಕಿರ್ದಿಯಲ್ಲ: ಆರ್ಡರ್‌ಗೆ ಒಂದು, ಹಣ ಪಾವತಿಗೆ ಇನ್ನೊಂದು, ಕಾಲ್ ಸೆಂಟರ್‌ಗೆ ಮತ್ತೊಂದು, ಸಿಬ್ಬಂದಿಗೆ ಮಗದೊಂದು. ಇವೆಲ್ಲವನ್ನೂ ಒಂದೆಡೆ ಸೇರಿಸಿ ವಿಶ್ಲೇಷಣೆಗೆ ಇಡಬೇಕು ಎಂಬ ವಿನ್ಯಾಸವನ್ನು 1988ರಲ್ಲಿ ಐಬಿಎಂನ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಒಂದು ಪ್ರಬಂಧದಲ್ಲಿ ಮಂಡಿಸಿದರು. 1992ರಲ್ಲಿ ಬಿಲ್ ಇನ್ಮನ್ ಈ ಬಗ್ಗೆ ಬರೆದ ಪುಸ್ತಕದಿಂದ ‘ಡೇಟಾ ವೇರ್‌ಹೌಸ್’ ಎಂಬ ಮಾತು ಉದ್ಯಮದಲ್ಲಿ ನೆಲೆಯಾಯಿತು. ಇನ್ಮನ್ ಹಾಕಿದ ಷರತ್ತುಗಳ ಸಾರ ಇಷ್ಟೇ: ಮಾಹಿತಿ ವಿಷಯವಾರು ಜೋಡಣೆಯಾಗಿರಬೇಕು, ಬೇರೆ ಬೇರೆ ಮೂಲಗಳಿಂದ ಬಂದದ್ದು ಒಂದೇ ರೂಪಕ್ಕೆ ಬಂದಿರಬೇಕು, ಕಾಲದ ಲೆಕ್ಕ ಉಳಿಸಿಕೊಂಡಿರಬೇಕು, ಒಮ್ಮೆ ಒಳಗೆ ಹೋದದ್ದನ್ನು ಅಳಿಸಿ ತಿದ್ದಬಾರದು.

ರಾತ್ರಿ ನಡೆಯುವ ಕೆಲಸ

ಒಳಗೆ ಹೋಗುವ ದಾರಿಗೆ ಇಟಿಎಲ್ ಅನ್ನುತ್ತಾರೆ. ಎಕ್ಸ್‌ಟ್ರ್ಯಾಕ್ಟ್, ಟ್ರಾನ್ಸ್‌ಫಾರ್ಮ್, ಲೋಡ್. ಅಂದ್ರೆ ಮೂಲದಿಂದ ಎತ್ತು, ಹದ ಮಾಡು, ತುಂಬು. ಗಿರಾಕಿಗಳು ಕಡಿಮೆ ಇರುವ ರಾತ್ರಿ ಹೊತ್ತಲ್ಲಿ ಈ ಕೆಲಸ ಮಾಡುವುದು ಹಳೇ ಪದ್ಧತಿ. ಈಗ ಕೆಲವು ಕಡೆ ನಿಮಿಷ ನಿಮಿಷಕ್ಕೂ ನಡೆಯುತ್ತೆ. ಮೊದಲು ತುಂಬಿ ಆಮೇಲೆ ಹದ ಮಾಡುವ ಕ್ರಮವೂ ಬಂದಿದೆ.

ಎತ್ತುವುದು, ತುಂಬುವುದು ಯಂತ್ರದ ಕೆಲಸ. ನಡುವಿನ ‘ಹದ ಮಾಡುವುದು’ ಮಾತ್ರ ಮನುಷ್ಯರದ್ದು. ಒಂದು ವ್ಯವಸ್ಥೆ ‘ಬೆಂಗಳೂರು’ ಅನ್ನುತ್ತೆ, ಇನ್ನೊಂದು ‘ಬ್ಯಾಂಗಲೋರ್’ ಅನ್ನುತ್ತೆ, ಮೂರನೆಯದು ಬರೀ ಪಿನ್‌ಕೋಡ್ ಇಟ್ಟುಕೊಂಡಿರುತ್ತೆ. ಮೂರೂ ಒಂದೇ ಊರು ಅಂತ ಯಾರಾದರೂ ನಿಯಮ ಬರೆಯಬೇಕು. ಇದು ಸುಲಭದ್ದು. ಕಷ್ಟದ್ದನ್ನು ಹೇಳುತ್ತೇನೆ.

ನಾನಿದ್ದ ಪ್ರಾಜೆಕ್ಟಿನ ಕ್ಲೈಂಟ್ ಒಂದು ಹೊರದೇಶದ ಅಂಗಡಿ ಸರಣಿ. ಅವರ ಮಾರ್ಕೆಟಿಂಗ್ ವಿಭಾಗದ ‘ಮಾರಾಟ’ಕ್ಕೂ ಹಣಕಾಸು ವಿಭಾಗದ ‘ಮಾರಾಟ’ಕ್ಕೂ ಯಾವ ತಿಂಗಳೂ ತಾಳೆ ಆಗುತ್ತಿರಲಿಲ್ಲ. ಇಬ್ಬರ ಲೆಕ್ಕವೂ ಸರಿಯೇ. ಬಿಲ್ ಹರಿದ ಕೂಡಲೇ ಮಾರಾಟ ಅನ್ನುತ್ತಿದ್ದರು ಇವರು. ವಾಪಸ್ ಬಂದ ಸರಕನ್ನು ಕಳೆದ ಮೇಲೆ ಉಳಿದದ್ದು ಮಾರಾಟ ಅನ್ನುತ್ತಿದ್ದರು ಅವರು. ಎರಡು ವಾರ ಮೇಲ್ ಜಗಳ ನಡೆದು, ಕೊನೆಗೆ ಮೇಲಿನವರೊಬ್ಬರು ‘ವಾಪಸ್ ಬಂದದ್ದನ್ನು ಕಳೆಯಿರಿ’ ಅಂದರು. ನಾನು ಕೋಡ್‌ನಲ್ಲಿ ಒಂದು ಸಾಲು ಬದಲಿಸಿದೆ. ಮಾರನೇ ದಿನದ ವರದಿಯಲ್ಲಿ ಕೆಲವು ಅಂಗಡಿಗಳು ‘ಚೆನ್ನಾಗಿ ನಡೆಯುತ್ತಿರುವ’ ಪಟ್ಟಿಯಿಂದ ಕೆಳಗಿಳಿದಿದ್ದವು. ಆ ಅಂಗಡಿಗಳಲ್ಲಿ ಕೆಲಸ ಮಾಡುವವರ ಪಾಲಿಗೆ ನಿನ್ನೆಗೂ ಇವತ್ತಿಗೂ ಏನೂ ವ್ಯತ್ಯಾಸ ಆಗಿರಲಿಲ್ಲ. ಸಾಲು ಬದಲಾದದ್ದು ಅವರಿಗೆ ಗೊತ್ತೂ ಇರಲಿಲ್ಲ.

ವೇರ್‌ಹೌಸ್ ಬಗ್ಗೆ ನನಗೆ ಗೊತ್ತಿರುವ ಮುಖ್ಯ ಸಂಗತಿ ಇದು. ವ್ಯಾಖ್ಯೆ ಬರೆಯುವ ಅಧಿಕಾರ ಆ ಮಧ್ಯದ ಹಂತದಲ್ಲಿ ಕೂತಿರುತ್ತೆ.

ಮತದಾರರ ಪಟ್ಟಿಯ ಉದಾಹರಣೆ

ಒಳಗೆ ಹೋದ ಮಾಹಿತಿಯನ್ನು ಇಡುವ ರೀತಿಯೂ ಬೇರೆ. ಮತದಾರರ ಪಟ್ಟಿ ನೋಡಿದ್ದೀರಲ್ಲ? ಒಬ್ಬೊಬ್ಬರ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಎಲ್ಲ ಒಟ್ಟಿಗೆ. ಒಬ್ಬ ಮತದಾರರನ್ನು ಹುಡುಕಲು ಇದು ಸರಿ. ಆದರೆ ‘18 ವರ್ಷದವರು ಎಷ್ಟು ಮಂದಿ’ ಅಂತ ಎಣಿಸಬೇಕಾದರೆ ಬೇಡದ ಹೆಸರು, ಮನೆ ಸಂಖ್ಯೆಗಳ ಮೇಲೂ ಕಣ್ಣು ಹಾಯಿಸಬೇಕು. ವಯಸ್ಸುಗಳನ್ನಷ್ಟೇ ಒಂದು ಉದ್ದ ಕಾಲಂನಲ್ಲಿ ಬರೆದಿಟ್ಟಿದ್ದರೆ? ಆ ಒಂದು ಕಾಲಂ ಓದಿದರೆ ಸಾಕು. ಇವತ್ತಿನ ಬಹುತೇಕ ವೇರ್‌ಹೌಸ್‌ಗಳು ಮಾಹಿತಿಯನ್ನು ಹೀಗೆ ಕಾಲಂವಾರು ಇಡುತ್ತವೆ. ಒಂದೇ ಬಗೆಯ ಮೌಲ್ಯಗಳು ಅಕ್ಕಪಕ್ಕ ಇರುವುದರಿಂದ ಒತ್ತಿ ಚಿಕ್ಕದಾಗಿಸುವುದೂ ಸುಲಭ. ಕೋಟಿ ಸಾಲುಗಳ ಪ್ರಶ್ನೆಗೆ ಸೆಕೆಂಡುಗಳಲ್ಲಿ ಉತ್ತರ ಬರುವ ಗುಟ್ಟಿನಲ್ಲಿ ಇದು ದೊಡ್ಡ ಪಾಲು.

ಇನ್ನೊಂದು ಗುಣ ಇತಿಹಾಸ ಉಳಿಸಿಕೊಳ್ಳುವುದು. ಕರ್ನಾಟಕದಲ್ಲಿ 2004ರ ವಿಧಾನಸಭಾ ಚುನಾವಣೆ ಹಳೇ ಕ್ಷೇತ್ರಗಳ ಪ್ರಕಾರ ನಡೆಯಿತು, 2008ರದ್ದು ಮರುವಿಂಗಡಣೆಯಾದ ಕ್ಷೇತ್ರಗಳ ಪ್ರಕಾರ. ಹೆಸರು ಒಂದೇ ಇದೆ ಅಂತ ಎರಡೂ ವರ್ಷದ ಮತಗಳನ್ನು ನೇರವಾಗಿ ಹೋಲಿಸಿದರೆ ತಪ್ಪುತ್ತೆ, ಯಾಕಂದ್ರೆ ಗಡಿ ಬದಲಾಗಿದೆ. ಒಳ್ಳೆಯ ವೇರ್‌ಹೌಸ್‌ನಲ್ಲಿ ‘ಈ ದಿನಾಂಕದವರೆಗೆ ಈ ಗಡಿ, ಆಮೇಲೆ ಈ ಗಡಿ’ ಅಂತ ಎರಡೂ ಸಾಲು ಇರುತ್ತವೆ. ಗ್ರಾಹಕರೊಬ್ಬರು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮನೆ ಬದಲಿಸಿದರೂ ಅವರ ಹಳೇ ಖರೀದಿ ಹುಬ್ಬಳ್ಳಿ ಲೆಕ್ಕದಲ್ಲೇ ಉಳಿಯುತ್ತೆ.

ಕಂಪನಿಗೆ ಏನು ಸಿಗುತ್ತೆ?

ಪ್ರಸಿದ್ಧ ಉದಾಹರಣೆ ಅಮೆರಿಕದ ವಾಲ್‌ಮಾರ್ಟ್‌ನದ್ದು. 2004ರಲ್ಲಿ ಫ್ರಾನ್ಸಿಸ್ ಚಂಡಮಾರುತ ಫ್ಲಾರಿಡಾ ಕಡೆ ಬರುತ್ತಿತ್ತು. ಕೆಲವೇ ವಾರ ಮೊದಲು ಬಂದಿದ್ದ ಚಾರ್ಲಿ ಚಂಡಮಾರುತದ ಸಮಯದ ಮಾರಾಟವನ್ನು ಕಂಪನಿ ತನ್ನ ವೇರ್‌ಹೌಸ್‌ನಲ್ಲಿ ನೋಡಿತು. ಟಾರ್ಚ್ ಹೆಚ್ಚು ಖರ್ಚಾಗುತ್ತೆ ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ಸ್ಟ್ರಾಬೆರಿ ಪಾಪ್‌ಟಾರ್ಟ್ ಎಂಬ ತಿಂಡಿ ಚಂಡಮಾರುತಕ್ಕೆ ಮುಂಚೆ ಮಾಮೂಲಿಗಿಂತ ಏಳು ಪಟ್ಟು ಮಾರಾಟವಾಗುತ್ತೆ ಅಂತ ಡೇಟಾ ಹೇಳಿತು. ಒಲೆ ಬೇಡ, ಕೆಡುವುದಿಲ್ಲ, ಬೇಗ ಹೊಟ್ಟೆ ತುಂಬುತ್ತೆ. ಲಾರಿಗಟ್ಟಲೆ ಸರಕು ಮೊದಲೇ ಹೊರಟಿತು. ಅವತ್ತಿಗೆ ಆ ಕಂಪನಿ ಸಂಗ್ರಹಿಸಿದ್ದು 460 ಟೆರಾಬೈಟ್ ಡೇಟಾ ಅಂತ ‘ನ್ಯೂಯಾರ್ಕ್ ಟೈಮ್ಸ್’ ವರದಿ ಮಾಡಿತ್ತು.

ಇಂಥ ಶಕ್ತಿ ಆಗ ದೊಡ್ಡವರಿಗಷ್ಟೇ ಸಾಧ್ಯವಿತ್ತು, ಯಾಕಂದ್ರೆ ದುಬಾರಿ ಯಂತ್ರಗಳನ್ನು ಕೊಂಡು ಇಡಬೇಕಿತ್ತು. ಅಮೆಜಾನ್‌ನ ರೆಡ್‌ಶಿಫ್ಟ್, ಗೂಗಲ್‌ನ ಬಿಗ್‌ಕ್ವೆರಿ, 2012ರಲ್ಲಿ ಶುರುವಾದ ಸ್ನೋಫ್ಲೇಕ್ ಬಂದ ಮೇಲೆ ವೇರ್‌ಹೌಸ್ ಬಾಡಿಗೆಗೆ ಸಿಗುತ್ತೆ. ಬಳಸಿದಷ್ಟಕ್ಕೆ ದುಡ್ಡು. ಹತ್ತು ಜನರ ಸ್ಟಾರ್ಟಪ್ ಕೂಡ ತನ್ನ ಗ್ರಾಹಕರು ಯಾಕೆ ಬಿಟ್ಟು ಹೋಗುತ್ತಿದ್ದಾರೆ ಅಂತ ಕೇಳಬಹುದು. ವಿಭಾಗಕ್ಕೊಂದು ಎಕ್ಸೆಲ್ ಶೀಟ್ ಹಿಡಿದು ಮೀಟಿಂಗ್‌ನಲ್ಲಿ ಜಗಳ ಆಡುವುದು ತಪ್ಪುತ್ತೆ. ಇದು ನಿಜವಾದ ಲಾಭ, ನಾನದನ್ನು ಕಣ್ಣಾರೆ ನೋಡಿದ್ದೇನೆ.

ಏನು ಕಳೆದುಕೊಳ್ಳುತ್ತೆ?

ಮೊದಲನೆಯದು ದುಡ್ಡು. ಓದಿದ ಡೇಟಾ ಲೆಕ್ಕದಲ್ಲೋ ಯಂತ್ರ ಓಡಿದ ಸಮಯದ ಲೆಕ್ಕದಲ್ಲೋ ಬಿಲ್ ಬರುವುದರಿಂದ, ಯಾರೋ ಅಜಾಗರೂಕತೆಯಿಂದ ಬರೆದ ಒಂದು ಪ್ರಶ್ನೆ ಗಂಟೆಗೊಮ್ಮೆ ತಾನೇ ಓಡುತ್ತಾ ತಿಂಗಳ ಕೊನೆಗೆ ಬೆಚ್ಚಿಬೀಳಿಸಬಹುದು. ಒಂದು ಸಂಸ್ಥೆಯ ವೇರ್‌ಹೌಸ್‌ಗೆ ಎಲ್ಲ ಹೊಂದಿಸಿದ ಮೇಲೆ ಇನ್ನೊಂದಕ್ಕೆ ಹೋಗುವುದು ಮನೆ ಬದಲಿಸಿದಷ್ಟು ಸಲೀಸಲ್ಲ.

ಎರಡನೆಯದು ಕಸ. ಮೂಲದಲ್ಲಿ ತಪ್ಪು ಬರೆದಿದ್ದರೆ ವೇರ್‌ಹೌಸ್ ಅದನ್ನು ನೀಟಾಗಿ ಜೋಡಿಸಿ, ಬಣ್ಣದ ಗ್ರಾಫ್ ಮಾಡಿ ತೋರಿಸುತ್ತೆ. ಕಾಗದದ ಪುಸ್ತಕದಲ್ಲಿ ಕಾಟು ಹೊಡೆದದ್ದು ಕಾಣುತ್ತಿತ್ತು. ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವುದಿಲ್ಲ.

ಮೂರನೆಯದು ಕಳ್ಳತನ. ಎಲ್ಲವನ್ನೂ ಒಂದೇ ಕಣಜಕ್ಕೆ ತುಂಬಿದರೆ ಕಳ್ಳನಿಗೂ ಒಂದೇ ಬಾಗಿಲು ಸಾಕು. 2024ರಲ್ಲಿ ಸ್ನೋಫ್ಲೇಕ್ ಬಳಸುತ್ತಿದ್ದ ಹಲವು ಕಂಪನಿಗಳ ಖಾತೆಗಳಿಗೆ ಕಳ್ಳರು ನುಗ್ಗಿದರು. ಅದಕ್ಕೆ ದೊಡ್ಡ ಹ್ಯಾಕಿಂಗ್ ವಿದ್ಯೆಯೇನೂ ಬೇಕಾಗಲಿಲ್ಲ. ಬೇರೆ ಕಡೆ ಕದ್ದಿದ್ದ ಪಾಸ್‌ವರ್ಡ್‌ಗಳು ಇಲ್ಲಿ ಕೆಲಸ ಮಾಡಿದವು, ಆ ಖಾತೆಗಳಿಗೆ ಓಟಿಪಿಯಂಥ ಎರಡನೇ ಬೀಗ ಹಾಕಿರಲಿಲ್ಲ. ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ ತನ್ನ ಹೆಚ್ಚುಕಮ್ಮಿ ಎಲ್ಲ ಮೊಬೈಲ್ ಗ್ರಾಹಕರ 2022ರ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಕರೆ ಮತ್ತು ಮೆಸೇಜ್ ದಾಖಲೆ ಹೋಯಿತು ಅಂತ ಒಪ್ಪಿಕೊಂಡಿತು. ಮಾತಾಡಿದ್ದೇನು ಅಂತ ಅದರಲ್ಲಿರಲಿಲ್ಲ, ಯಾರು ಯಾವ ನಂಬರಿಗೆ ಅಂತ ಇತ್ತು. ಪತ್ರಕರ್ತರ ಮೂಲಗಳನ್ನು ಪತ್ತೆ ಹಚ್ಚಲು ಅಷ್ಟೇ ಸಾಕು.

ನಾಲ್ಕನೆಯದು ಮರೆಯಲು ಆಗದಿರುವುದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕು ಕೊಡುತ್ತೆ. ಆದರೆ ಅಳಿಸದೇ ಇಟ್ಟುಕೊಳ್ಳುವುದೇ ವೇರ್‌ಹೌಸ್‌ನ ಜಾಯಮಾನ ಅಂತ ಇನ್ಮನ್ ಷರತ್ತಿನಲ್ಲೇ ನೋಡಿದೆವು. ಆ್ಯಪ್‌ನಲ್ಲಿ ಖಾತೆ ಅಳಿಸಿದಿರಿ ಅಂದರೆ ಕಿರ್ದಿಯಿಂದ ಅಳಿಸಿದ್ದೀರಿ. ಖತಾವಣಿಯಲ್ಲಿ, ಅದರ ನಕಲಿನಲ್ಲಿ, ನಕಲಿನಿಂದ ಮಾಡಿದ ವರದಿಗಳಲ್ಲಿ ಬೆನ್ನು ಹತ್ತಿ ಅಳಿಸುವ ಹೊಣೆ ಕಂಪನಿಯದ್ದು. ಅದಕ್ಕೆ ತಕ್ಕಂತೆ ಮೊದಲೇ ಕಟ್ಟದಿದ್ದರೆ ಅದು ಬಹಳ ತ್ರಾಸದ ಕೆಲಸ.

ಮತ್ತೆ ಆ ಮಳೆಯ ಸಂಜೆಗೆ

ಈಗ ಡೆಲಿವರಿ ಹುಡುಗನ ಹತ್ತಿರ ವಾಪಸ್ ಬರೋಣ. ಒಂದು ಡೆಲಿವರಿಯಲ್ಲಿ ಹಲವು ಸಮಯಗಳು ದಾಖಲಾಗಬಹುದು: ಆರ್ಡರ್ ಒಪ್ಪಿದ್ದು, ಹೋಟೆಲ್ ತಲುಪಿದ್ದು, ಪಾರ್ಸೆಲ್ ಕೈಗೆ ಸಿಕ್ಕಿದ್ದು, ಮನೆ ಮುಟ್ಟಿದ್ದು. ‘ತಡ’ ಎಂಬ ಕಾಲಂ ತುಂಬುವಾಗ ಗಡಿಯಾರ ಎಲ್ಲಿಂದ ಶುರು? ಒಪ್ಪಿದ ಕ್ಷಣದಿಂದಲೋ, ಪಾರ್ಸೆಲ್ ಸಿಕ್ಕ ಕ್ಷಣದಿಂದಲೋ? ಮೊದಲನೆಯದಾದರೆ ಹೋಟೆಲಿನ ತಡ ಹುಡುಗನ ತಲೆಗೆ. ಎರಡನೆಯದಾದರೆ ಅಲ್ಲ. ವ್ಯತ್ಯಾಸ ಕೋಡ್‌ನಲ್ಲಿ ಒಂದು ಸಾಲು. ನಾನು ಬದಲಿಸಿದ್ದಂಥದ್ದೇ ಸಾಲು.

ಒಮ್ಮೆ ‘ತಡ’ ಅಂತ ಬಿದ್ದರೆ ಅದರ ಮೇಲೆ ರೇಟಿಂಗ್, ರೇಟಿಂಗ್ ಮೇಲೆ ಸಿಗುವ ಆರ್ಡರ್, ಅದರ ಮೇಲೆ ಅವನ ಮನೆ ಬಾಡಿಗೆ ನಿಲ್ಲಬಹುದು. ಆರು ತಿಂಗಳ ನಂತರ ಆ ಮಳೆ ಯಾರಿಗೂ ನೆನಪಿರುವುದಿಲ್ಲ, ಗುರುತು ಮಾತ್ರ ಇರುತ್ತೆ.

ಹಾಗಂತ ವೇರ್‌ಹೌಸನ್ನೇ ದೂರುವುದರಲ್ಲಿ ಅರ್ಥ ಇಲ್ಲ. ನಾಲ್ಕೂ ಸಮಯಗಳನ್ನು ಅಳಿಸದೇ ಇಟ್ಟಿದ್ದರೆ ‘ತಪ್ಪು ಹುಡುಗನದ್ದಲ್ಲ’ ಅಂತ ಸಾಬೀತು ಮಾಡುವ ಸಾಕ್ಷಿಯೂ ಅಲ್ಲೇ ಇದೆ. ಪ್ರಶ್ನೆ ಇರುವುದು ಅದನ್ನು ಬಿಚ್ಚಿ ತೋರಿಸಿ ಅಂತ ಕೇಳುವ ಹಕ್ಕು ಯಾರಿಗಿದೆ ಅನ್ನುವುದರಲ್ಲಿ. ಇಲ್ಲಿ ಕರ್ನಾಟಕ ಒಂದು ಹೆಜ್ಜೆ ಇಟ್ಟಿದೆ. 2025ರ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯ ಚರ್ಚೆಯಲ್ಲಿ ಕಲ್ಯಾಣ ಶುಲ್ಕದ ಮಾತು ಬಂತು. ಆದರೆ ಸ್ವಯಂಚಾಲಿತ ನಿಗಾ ಮತ್ತು ತೀರ್ಮಾನ ವ್ಯವಸ್ಥೆಗಳ ಬಗ್ಗೆ, ರೇಟಿಂಗ್ ಬಗ್ಗೆ ಕಾರ್ಮಿಕರಿಗೆ ಸರಳ ಭಾಷೆಯಲ್ಲಿ ತಿಳಿಸಬೇಕು ಅಂತಲೂ ಅದರಲ್ಲಿದೆ.

‘ನಿಮ್ಮ ರೇಟಿಂಗ್‌ಗೆ ಹಲವು ಅಂಶಗಳನ್ನು ಪರಿಗಣಿಸಲಾಗುತ್ತದೆ’ ಎಂಬ ಒಂದು ಸಾಲು ಹಾಕಿ ಕಂಪನಿಗಳು ಇದನ್ನು ಮುಗಿಸಬಹುದು. ಕಾರ್ಮಿಕ ಸಂಘಟನೆಗಳು, ಇಲಾಖೆ ಮತ್ತು ನಾವು ಅದಕ್ಕೆ ಒಪ್ಪಬಾರದು. ಕೇಳಬೇಕಾದ್ದು ಮೂರು: ‘ತಡ’ದ ಗಡಿಯಾರ ಯಾವ ಕ್ಷಣದಿಂದ ಶುರುವಾಗುತ್ತೆ? ಆ ವ್ಯಾಖ್ಯೆ ಕೊನೆಯ ಸಲ ಬದಲಾದದ್ದು ಯಾವತ್ತು, ಬದಲಾಯಿಸಿದ್ದನ್ನು ಯಾರಿಗೆ ಹೇಳಿದಿರಿ? ತಪ್ಪು ಗುರುತು ಬಿದ್ದರೆ ಅದನ್ನು ಖತಾವಣಿಯವರೆಗೂ ಹೋಗಿ ತಿದ್ದುತ್ತೀರೋ, ಪರದೆ ಮೇಲಷ್ಟೇ ತಿದ್ದುತ್ತೀರೋ?

ಮೂರಕ್ಕೂ ಉತ್ತರ ಕಂಪನಿಯ ಇಂಜಿನಿಯರುಗಳಿಗೆ ಗೊತ್ತಿರುತ್ತೆ. ಒಂದು ಕಾಲದಲ್ಲಿ ನನಗೂ ಗೊತ್ತಿರುತ್ತಿತ್ತು. ಆಗ ನನ್ನನ್ನು ಯಾರೂ ಕೇಳಲಿಲ್ಲ.