ಪ್ರಾಣಿಗಳ ನಡೆವಳಿಕೆಯೂ ನರವಿಷದ ಪರೀಕ್ಷೆಯೂ

ಹೊಸಪೇಟೆಯ ತೆಂಕಣಕ್ಕೆ ಹಬ್ಬಿರುವ ಸಂಡೂರಿನ ಬೆಟ್ಟಗಳು ಕಬ್ಬಿಣದ ಅದಿರಿಗೆ ಹೇಗೋ ಹಾಗೆ ಮ್ಯಾಂಗನೀಸಿನ ಅದಿರಿಗೂ ಹೆಸರಾದವು. ಸಂಸ್ಥಾನದ ಕಾಲದಿಂದಲೂ ಅಲ್ಲಿ ಈ ಅದಿರನ್ನು ಅಗೆದು ತೆಗೆಯುತ್ತ ಬಂದಿದ್ದಾರೆ. ಉಕ್ಕಿನ ತಯಾರಿಕೆಗೆ ಮ್ಯಾಂಗನೀಸು ಅವಶ್ಯಕ. ಮನುಷ್ಯದೇಹಕ್ಕೂ ಅತ್ಯಲ್ಪವಾಗಿ ಬೇಕಾದದ್ದು. ಆಹಾರದೊಡನೆ ಬಂದುದರಲ್ಲಿ ಹೆಚ್ಚಾದುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರದೂಡುತ್ತದೆ. ಆದರೆ ನುಣ್ಣನೆಯ ಧೂಳಾಗಿ ಬಹುಕಾಲ ಉಸಿರಿನಲ್ಲಿ ಸೇರಿದುದು ಈ ತಡೆಯನ್ನು ತಪ್ಪಿಸಿಕೊಂಡು ಮಿದುಳನ್ನು ಮುಟ್ಟಬಲ್ಲದು. ಹೀಗೆ ಪೋಷಕವೂ ವಿಷವೂ ಆಗಬಲ್ಲ ದ್ರವ್ಯವು ಎಷ್ಟರಮಟ್ಟಿಗೆ ನಿರಪಾಯವೆಂದು ತಿಳಿಯುವ ಬಗೆ ಯಾವುದು?

ಈ ವಿಷದ ಗುರುತು ಮೊದಲು ತಿಳಿದದ್ದು ಮನುಷ್ಯರ ನಡಿಗೆಯಿಂದ. 1837ರಲ್ಲಿ ಜಾನ್ ಕೂಪರ್ ಎಂಬ ವೈದ್ಯನು, ಗ್ಲಾಸ್ಗೋ ನಗರದಲ್ಲಿ ಚಲುವೆಪುಡಿಯ ತಯಾರಿಕೆಗಾಗಿ ಮ್ಯಾಂಗನೀಸಿನ ಅದಿರನ್ನು ಅರೆಯುತ್ತಿದ್ದ ಕೂಲಿಗಾರರಲ್ಲಿ ಕಾಲುಗಳ ಬಲಹೀನತೆ, ತತ್ತರಿಸುವ ನಡೆ, ಕುಗ್ಗಿದ ದನಿ ಇವುಗಳನ್ನು ಕಂಡು ಬರೆದಿಟ್ಟನು. ಮುಂದೆ ಇತರ ವೈದ್ಯರು ತುದಿಗಾಲಿನ ಹುಂಜದಂಥ ನಡಿಗೆಯನ್ನೂ, ಭಾವವಿಲ್ಲದ ಮುಖವನ್ನೂ, ಕಿರಿದಾಗುವ ಕೈಬರಹವನ್ನೂ ಗುರುತಿಸಿದರು. ಆದರೆ ಇಂಥ ತಿಳಿವಳಿಕೆಗೆ ಕೂಲಿಗಾರನೇ ಬೆಲೆ ತೆರಬೇಕಾಯಿತು. ಕೇಡು ಮನುಷ್ಯನನ್ನು ತಟ್ಟುವ ಮೊದಲೇ ಅದನ್ನು ಅರಿಯುವುದೇ ಪ್ರಾಣಿಪರೀಕ್ಷೆಯ ಉದ್ದೇಶ.

ನರಮಂಡಲದ ಸಮಸ್ತ ವ್ಯಾಪಾರವೂ ಕೊನೆಗೆ ನಡೆವಳಿಕೆಯಾಗಿ ತೋರುತ್ತದೆ. ಸೂಕ್ಷ್ಮದರ್ಶಕದಲ್ಲಿ ಮಿದುಳಿನ ಅಂಗಾಂಶವು ನೆಟ್ಟಗಿರುವಂತೆ ಕಂಡರೂ ನಡೆವಳಿಕೆ ಕೆಟ್ಟಿರುವುದುಂಟು. ಆದುದರಿಂದ ಇಲಿಗಳನ್ನು ಬಯಲು ಪೆಟ್ಟಿಗೆಯಲ್ಲಿ ಬಿಟ್ಟು ಅವುಗಳ ಓಡಾಟವನ್ನು ಅಳೆಯುತ್ತಾರೆ. ಹಿಡಿತದ ಬಲವನ್ನೂ, ಸದ್ದಿಗೆ ಬೆಚ್ಚುವುದನ್ನೂ ನೋಡುತ್ತಾರೆ. ಡನ್‌ಹ್ಯಾಮ್ ಮತ್ತು ಮಿಯ ಎಂಬವರು 1957ರಲ್ಲಿ ವರ್ಣಿಸಿದ ತಿರುಗುವ ದಂಡದ ಮೇಲೆ ಎಷ್ಟು ಹೊತ್ತು ಬೀಳದೆ ನಿಲ್ಲುವುವೆಂಬುದು ಅಂಗಗಳ ಹೊಂದಾಣಿಕೆಯನ್ನು ತಿಳಿಸುತ್ತದೆ. 1981ರಲ್ಲಿ ರಿಚರ್ಡ್ ಮಾರಿಸ್ ಪ್ರಕಟಿಸಿದ ನೀರಿನ ತೊಟ್ಟಿಯ ಪರೀಕ್ಷೆಯು ನೆನಪನ್ನು ಅಳೆಯುತ್ತದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 1997ರಲ್ಲಿ ಅಂಗೀಕರಿಸಿದ 424ನೆಯ ಮಾರ್ಗಸೂಚಿಯಂತೆ ಕನಿಷ್ಠಪಕ್ಷ ಮೂರು ಪ್ರಮಾಣಗಳನ್ನು ಪರೀಕ್ಷಿಸಿ, ವಿಷ ಕೊಡದ ಗುಂಪಿನೊಡನೆ ಹೋಲಿಸಬೇಕು. ನೋಡುವವನಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು. ತಿಳಿದರೆ ನಿರೀಕ್ಷೆಯೇ ನೋಟವನ್ನು ತಿದ್ದೀತು.

ಫಲವನ್ನು ಅರ್ಥೈಸುವಲ್ಲಿಯೂ ಎಚ್ಚರ ಬೇಕು. ದಂಡದಿಂದ ಬಿದ್ದ ಇಲಿಯ ನರವೇ ಕೆಟ್ಟಿರಬೇಕೆಂದಿಲ್ಲ. ಮೇವು ಬಿಟ್ಟು ಸೊರಗಿದ್ದರೂ ಅದು ಬೀಳುತ್ತದೆ. ಆದಕಾರಣ ದೇಹದ ತೂಕವನ್ನೂ ಗಮನಿಸುತ್ತಾರೆ. ಅದಕ್ಕಿಂತ ಮುಖ್ಯವಾದ ಮಿತಿಯನ್ನು ಮ್ಯಾಂಗನೀಸೇ ತೋರಿಸುತ್ತದೆ. ಅದನ್ನು ಕೊಟ್ಟ ಇಲಿಗಳ ಚಟುವಟಿಕೆಯಲ್ಲಿ ವ್ಯತ್ಯಾಸ ಕಂಡರೂ ಮನುಷ್ಯನ ರೋಗದ ಪೂರ್ಣರೂಪ ಮೂಡುವುದಿಲ್ಲ. ಕೋತಿಗಳಲ್ಲಿ ಮೂಡುವ ಲಕ್ಷಣಗಳು ಮನುಷ್ಯನವುಗಳಿಗೆ ಹೆಚ್ಚು ಸಮೀಪ. ಇಲಿ ನೆಟ್ಟಗೆ ನಡೆದ ಮಾತ್ರಕ್ಕೆ ದ್ರವ್ಯವು ನಿರಪಾಯವೆಂದು ಸಾರುವುದು ಯುಕ್ತವಲ್ಲ.

ಆದುದರಿಂದ ಅದಿರಿನ ನಾಡಿನಲ್ಲಿ ಈ ಪರೀಕ್ಷೆಗಳು ಧೂಳಿನ ಮಿತಿಯನ್ನು ಗೊತ್ತುಮಾಡಲು ನೆರವಾಗಬಲ್ಲವಲ್ಲದೆ, ನೀರು ಚಿಮುಕಿಸಿ ಧೂಳನ್ನು ಅಡಗಿಸುವ ಕೆಲಸವನ್ನೂ, ಕೂಲಿಗಾರನ ನಡಿಗೆ, ಮಾತು, ಕೈಬರಹಗಳನ್ನು ಕಾಲಕಾಲಕ್ಕೆ ವೈದ್ಯನು ನೋಡುವುದನ್ನೂ ಅನಾವಶ್ಯಕವೆನಿಸಲಾರವು.